ಒಂದೇ ಚುಕ್ಕಿಯಾಗಿ ಕಾಣುವ ಎರಡು ನಕ್ಷತ್ರಗಳನ್ನು ತೂಗಿದ್ದು ಯಾರು?

ಪ್ರಶ್ನೆ: ನಾನು ಸಿರ್ಸಿ ಸೀಮೆಯವಳು, ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಆಲ್ಗಾಲ್ ಎಂಬ ನಕ್ಷತ್ರ ನಿಜಕ್ಕೂ ಒಂದನ್ನೊಂದು ಸುತ್ತುವ ಜೋಡಿ, ಒಂದು ಸೂರ್ಯನ ಮೂರು ಪಟ್ಟು, ಇನ್ನೊಂದು ಸೂರ್ಯನಿಗಿಂತ ಹಗುರ ಎಂದು ಓದಿದೆ. ಅಪ್ಪಯ್ಯನಿಗೆ ಹೇಳಿದರೆ, "ದುರ್ಬೀನಲ್ಲೂ ಒಂದೇ ಚುಕ್ಕಿ ಕಾಣ್ತು ಹೇಳ್ತೆ, ಹಂಗಾರೆ ತೂಗಿದ್ದು ಯಾರು?" ಎಂದು ಕೇಳಿದರು. ತೋಟ ನೋಡಿ ಫಸಲು ಅಂದಾಜು ಮಾಡಿದ ಹಾಗೆ ಇದೂ ಅಂದಾಜು ಎನ್ನುವುದು ಅವರ ಮಾತು. ಇದು ಅಂದಾಜೋ ಅಳತೆಯೋ? ನಮ್ಮ ಮನೆ ಅಂಗಳದಿಂದ ಇದರಲ್ಲಿ ಏನನ್ನಾದರೂ ನಾನೇ ಅಳೆಯಬಹುದೇ?

ಉತ್ತರ: ನಿಮ್ಮ ಅಪ್ಪಯ್ಯನ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಬೇಕೆಂದರೆ, ತೂಗಿದ್ದು ಗಡಿಯಾರ. ಆ ಮಾತನ್ನು ಬಿಡಿಸಿ ಹೇಳಲು ಸ್ವಲ್ಪ ಜಾಗ ಬೇಕು. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನಕ್ಷತ್ರಗಳ ಬಗ್ಗೆ ಓದುವ ಎಷ್ಟೋ ಜನ ಅದನ್ನು ಕೇಳದೆ ಮುಂದೆ ಹೋಗುತ್ತಾರೆ.

ತೋಟದಲ್ಲಿ ಕೊನೆ ನೋಡಿ ಫಸಲು ಹೇಳುವುದಕ್ಕೆ ಅನುಭವ ಬೇಕು. ಆದರೆ ಅನುಭವಸ್ಥರಿಬ್ಬರು ಒಂದೇ ತೋಟ ಸುತ್ತಿ ಬಂದು ಎರಡು ಲೆಕ್ಕ ಹೇಳಬಹುದು. ಅಳತೆ ಎಂದರೆ ಹಾಗಲ್ಲ. ಒಬ್ಬರನ್ನೊಬ್ಬರು ಕಂಡಿಲ್ಲದ ಇಬ್ಬರು, ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ಉಪಕರಣ ಹಿಡಿದು, ಒಂದೇ ಅಂಕಿಗೆ ಬಂದು ನಿಲ್ಲಬೇಕು. ಎಷ್ಟು ತಪ್ಪಿರಬಹುದು ಎಂಬುದನ್ನೂ ಇಬ್ಬರೂ ಹೇಳಬೇಕು. ಒಂದಕ್ಕೊಂದು ಗ್ರಹಣ ಹಿಡಿಸುವ ಜೋಡಿ ನಕ್ಷತ್ರಗಳು ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಚೆನ್ನಾಗಿ ಅಳೆದ ಜೋಡಿಗಳಲ್ಲಿ ದ್ರವ್ಯರಾಶಿಯ ತಪ್ಪು ಶೇಕಡಾ 3ಕ್ಕೂ ಕಡಿಮೆ. ಸಿರ್ಸಿ ಪೇಟೆಯಲ್ಲಿ ರಾಶಿ ಎಂದರೆ ಬೇಯಿಸಿದ ಕೆಂಪಡಿಕೆ ಎಂದೇ ಅರ್ಥವಾಗುತ್ತದೆ, ಅದಕ್ಕೆ ಇಲ್ಲಿ ಉದ್ದಕ್ಕೂ ದ್ರವ್ಯರಾಶಿ ಎಂದು ಬರೆಯುತ್ತೇನೆ.

ಮೊದಲು ಆ ಚುಕ್ಕಿ ಎಷ್ಟು ಚಿಕ್ಕದು ನೋಡಿ. ಆಲ್ಗಾಲ್ ನಮ್ಮಿಂದ ಸುಮಾರು 90 ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಎರಡು ನಕ್ಷತ್ರಗಳ ನಡುವಿನ ಅಂತರ ಸುಮಾರು 93 ಲಕ್ಷ ಕಿಲೋಮೀಟರ್. ಕೇಳಲು ದೊಡ್ಡದು, ಆದರೆ ಅಷ್ಟು ದೂರದಿಂದ ನೋಡಿದರೆ ಅದು ಶ್ರೀನಗರದಲ್ಲಿ ಯಾರೋ ಎತ್ತಿ ಹಿಡಿದ ರೂಪಾಯಿ ನಾಣ್ಯವನ್ನು ಕಾರವಾರದ ಕಡಲ ತೀರದಿಂದ ನೋಡಿದಷ್ಟೇ. ಸಾಮಾನ್ಯ ದುರ್ಬೀನಿನಲ್ಲಿ ಎರಡಾಗಿ ಕಾಣುವ ಮಾತೇ ಇಲ್ಲ. ಹಾಗಾಗಿ ದೂರವನ್ನು ಕಣ್ಣಿನಿಂದ ಅಳೆಯುವ ಆಸೆ ಬಿಟ್ಟು, ಹೊತ್ತನ್ನು ಅಳೆಯಬೇಕು.

1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣ ನಮ್ಮ ಕರಾವಳಿಯಿಂದಲೇ ಭಾರತದೊಳಗೆ ಬಂದಿತ್ತು. ಅಂಕೋಲಾ ಆ ನೆರಳಿನ ದಾರಿಯಲ್ಲೇ ಇತ್ತು. ನಾನಾಗ ಹೈಸ್ಕೂಲು ಹುಡುಗ. ಮನೆಗಳ ಬಾಗಿಲು ಮುಚ್ಚಿದ್ದವು, ಬಸ್ಸಿನಲ್ಲಿ ಜನರೇ ಇರಲಿಲ್ಲ. ನಮ್ಮ ವಿಜ್ಞಾನದ ಮೇಷ್ಟ್ರು ಮಾತ್ರ ನಾಲ್ಕು ಹುಡುಗರನ್ನು ಕಟ್ಟಿಕೊಂಡು ಅಂಕೋಲಾದ ಕಡಲ ದಂಡೆಗೆ ಹೋಗಿದ್ದರು. ಮೂರು ನಿಮಿಷವೂ ತುಂಬದ ಆ ಕತ್ತಲನ್ನು ನಾನು ಮರೆತಿಲ್ಲ. ಅದಕ್ಕಿಂತ ಹೆಚ್ಚಾಗಿ ನನಗೆ ಉಳಿದದ್ದು ಮೇಷ್ಟ್ರು ಮಾಡಿದ ಕೆಲಸ. ಅವರು ಆಕಾಶಕ್ಕಿಂತ ಹೆಚ್ಚು ಸಲ ಕೈಗಡಿಯಾರ ನೋಡುತ್ತಿದ್ದರು. ಪಂಚಾಂಗದಲ್ಲಿ ಬರೆದ ನಾಲ್ಕು ಹೊತ್ತುಗಳನ್ನು ಒಂದು ಚೀಟಿಯಲ್ಲಿ ಮೊದಲೇ ಬರೆದುಕೊಂಡಿದ್ದರು: ಸ್ಪರ್ಶ, ಸಮ್ಮೀಲನ, ಉನ್ಮೀಲನ, ಮೋಕ್ಷ. ಎದುರಿಗೆ ತಾವು ಕಂಡ ಹೊತ್ತನ್ನು ಬರೆಯುತ್ತ ಹೋದರು.

ಆ ನಾಲ್ಕು ಮಾತುಗಳನ್ನು ನೆನಪಿಟ್ಟುಕೊಳ್ಳಿ. ಸ್ಪರ್ಶ ಎಂದರೆ ಒಂದು ಬಿಂಬದ ಅಂಚು ಇನ್ನೊಂದಕ್ಕೆ ತಾಗುವ ಗಳಿಗೆ. ಸಮ್ಮೀಲನದಲ್ಲಿ ಪೂರ್ತಿ ಮುಚ್ಚಿತು, ಉನ್ಮೀಲನದಲ್ಲಿ ತೆರೆಯಲು ಶುರುವಾಯಿತು, ಮೋಕ್ಷದಲ್ಲಿ ಬಿಟ್ಟುಹೋಯಿತು. ಜೋಡಿ ನಕ್ಷತ್ರಗಳ ಗ್ರಹಣವನ್ನು ಅಧ್ಯಯನ ಮಾಡುವವರು ಹುಡುಕುವುದು ಈ ನಾಲ್ಕು ಗಳಿಗೆಗಳನ್ನೇ. ಬಿಂಬ ಕಾಣುವುದಿಲ್ಲ, ಚುಕ್ಕಿಯ ಬೆಳಕು ಮಾತ್ರ ಕಾಣುತ್ತದೆ. ಆದರೆ ಆ ಬೆಳಕು ಯಾವಾಗ ಇಳಿಯತೊಡಗಿತು, ಯಾವಾಗ ತಳ ಮುಟ್ಟಿತು, ಯಾವಾಗ ಏರತೊಡಗಿತು, ಯಾವಾಗ ಮೊದಲಿನಂತಾಯಿತು ಎಂಬುದರಲ್ಲಿ ನಾಲ್ಕೂ ಇವೆ. ಹೊತ್ತನ್ನು ಅಡ್ಡಕ್ಕೂ ಬೆಳಕನ್ನು ಉದ್ದಕ್ಕೂ ಇಟ್ಟು ಬರೆದ ನಕ್ಷೆಗೆ ಬೆಳಕಿನ ರೇಖೆ ಎನ್ನುತ್ತಾರೆ. 1980ರ ಆ ನೆರಳು ಅಂಕೋಲಾ ದಾಟಿ ರಾಯಚೂರು ಕಡೆಯಿಂದ ಹೈದರಾಬಾದ್ ಬಳಿಯ ಜಪಾಲ್-ರಂಗಾಪುರ ವೀಕ್ಷಣಾಲಯದ ಮೇಲೂ ಹಾದುಹೋಯಿತು. ಉಸ್ಮಾನಿಯಾ ವಿಶ್ವವಿದ್ಯಾಲಯದ ಆ ಜಾಗದಲ್ಲಿ 48 ಇಂಚಿನ ದೂರದರ್ಶಕವಿದೆ, ಇಂಥ ಜೋಡಿಗಳ ಬೆಳಕಿನ ರೇಖೆಗಳನ್ನು ವರ್ಷಗಟ್ಟಲೆ ಅಲ್ಲಿ ಬರೆದಿದ್ದಾರೆ. ಕಡಲ ದಂಡೆಯಲ್ಲಿ ನಾನು ಕಂಡ ನೆರಳೇ ಅಲ್ಲಿಗೂ ಹೋಯಿತು ಎನ್ನುವುದು ಮುಂದೆ ಈ ಕೆಲಸಕ್ಕೆ ಬಂದಾಗ ತಿಳಿದು ಬಹಳ ಸಂತೋಷವಾಗಿತ್ತು.

ಈಗ ತೂಗೋಣ. ಲೆಕ್ಕ ಹಗುರಾಗಲಿ ಎಂದು ಒಂದು ಕಲ್ಪಿತ ಜೋಡಿ ತೆಗೆದುಕೊಳ್ಳುತ್ತೇನೆ. ಕಕ್ಷೆ ದುಂಡಗಿದೆ, ನಾವು ಅದನ್ನು ತಟ್ಟೆಯ ಅಂಚಿನಿಂದ ನೋಡಿದಂತೆ ನೇರ ಪಕ್ಕದಿಂದ ನೋಡುತ್ತಿದ್ದೇವೆ. ಪೆನ್ನು ಹಿಡಿದು ಜೊತೆಗೇ ಮಾಡುತ್ತ ಬನ್ನಿ, ಅಪ್ಪಯ್ಯನನ್ನೂ ಕೂರಿಸಿಕೊಳ್ಳಿ.

ಮೊದಲ ಅಳತೆ ಅವಧಿಯದು. ಆಳವಾದ ಗ್ರಹಣವೊಂದರ ನಡುಗಳಿಗೆಯಿಂದ ಮುಂದಿನ ಆಳವಾದ ಗ್ರಹಣದ ನಡುಗಳಿಗೆಗೆ 4 ದಿನ. ಅಂದರೆ 3,45,600 ಸೆಕೆಂಡು. ಇದಕ್ಕೆ ಗಡಿಯಾರ ಬಿಟ್ಟು ಬೇರೇನೂ ಬೇಕಾಗಿಲ್ಲ.

ಎರಡನೆಯದು ವೇಗ. ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಹರಡಿ ರೋಹಿತ ಮಾಡಿದರೆ ಅದರಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ಜಲಜನಕದ ಒಂದು ಕೆಂಪು ಗೆರೆಯ ಜಾಗ 656.3 ನ್ಯಾನೋಮೀಟರ್. ಬೈತಕೋಲದಿಂದ ಹೊರಟ ಬೋಟು ಅಲೆಗೆ ಎದುರಾಗಿ ಕಡಲೊಳಗೆ ಹೋಗುವಾಗ ಅಲೆಗಳು ಬೇಗಬೇಗ ಮೂತಿಗೆ ಬಡಿಯುತ್ತವೆ, ವಾಪಸು ಬರುವಾಗ ಅವೇ ಅಲೆಗಳು ನಿಧಾನಕ್ಕೆ ಹಿಂದಿನಿಂದ ಬಂದು ದಾಟುತ್ತವೆ. ಅಲೆ ಅದೇ, ಬೋಟಿನ ಓಟ ಬೇರೆ. ಬೆಳಕಿನ ಅಲೆಗೂ ಹೀಗೆಯೇ: ನಕ್ಷತ್ರ ನಮ್ಮತ್ತ ಬರುವಾಗ ಆ ಗೆರೆ ನೀಲಿಯ ಕಡೆಗೆ ಜರುಗುತ್ತದೆ, ದೂರ ಹೋಗುವಾಗ ಕೆಂಪಿನ ಕಡೆಗೆ. ಸೆಕೆಂಡಿಗೆ 100 ಕಿಲೋಮೀಟರ್ ವೇಗಕ್ಕೆ ಜರುಗುವುದು 0.22 ನ್ಯಾನೋಮೀಟರ್ ಮಾತ್ರ, ಆದರೆ ಅದನ್ನು ಅಳೆಯುವುದು ಇಂದು ಕಷ್ಟವಲ್ಲ. ತಮಿಳುನಾಡಿನ ಕಾವಲೂರಿನಲ್ಲಿರುವ 2.34 ಮೀಟರಿನ ವೇಣು ಬಪ್ಪು ದೂರದರ್ಶಕದಂಥವು ಇಂಥ ಕೆಲಸಕ್ಕೇ ಇರುವಂಥವು. ನಮ್ಮ ಜೋಡಿಯಲ್ಲಿ ಚುಕ್ಕಿ ಒಂದೇ ಇದ್ದರೂ ಗೆರೆಗಳು ಎರಡಾಗಿ ಒಡೆದು, ಒಂದು ಅತ್ತ ಹೋದಾಗ ಇನ್ನೊಂದು ಇತ್ತ ಬಂದು, 4 ದಿನಕ್ಕೊಮ್ಮೆ ಒಂದು ಸುತ್ತು ಮುಗಿಸುತ್ತವೆ. ಒಂದರ ವೇಗ ಸೆಕೆಂಡಿಗೆ 100 ಕಿ.ಮೀ., ಇನ್ನೊಂದರದು 150 ಎಂದುಕೊಳ್ಳೋಣ.

ಒಂದನ್ನು ನಿಂತಂತೆ ಭಾವಿಸಿದರೆ ಇನ್ನೊಂದು ಅದರ ಸುತ್ತ ಸೆಕೆಂಡಿಗೆ 250 ಕಿ.ಮೀ. ವೇಗದಲ್ಲಿ ಓಡುತ್ತಿದೆ. 3,45,600 ಸೆಕೆಂಡಿನಲ್ಲಿ ಅದು 8 ಕೋಟಿ 64 ಲಕ್ಷ ಕಿ.ಮೀ. ಓಡಿತು. ಅದು ಕಕ್ಷೆಯ ಸುತ್ತಳತೆ. 2π ಇಂದ ಭಾಗಿಸಿದರೆ ಎರಡರ ನಡುವಿನ ಅಂತರ ಸುಮಾರು 1 ಕೋಟಿ 37 ಲಕ್ಷ ಕಿ.ಮೀ. ಬಂತು. ನೋಡಿ, ಚುಕ್ಕಿಯನ್ನು ಎರಡಾಗಿ ಕಾಣದೆಯೇ ನಡುವಿನ ಅಂತರ ಕೈಗೆ ಸಿಕ್ಕಿತು. ಅದೂ ಕೋನಗಳಲ್ಲಲ್ಲ, ಕಿಲೋಮೀಟರಿನಲ್ಲಿ. ಆ ನಕ್ಷತ್ರ ನಮ್ಮಿಂದ ಎಷ್ಟು ದೂರ ಇದೆ ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಬರಲೇ ಇಲ್ಲ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಅತ್ಯಂತ ಚೆಂದದ ಜಾಗ ಇದು.

ಇನ್ನು ಕೆಪ್ಲರನ ಮೂರನೇ ನಿಯಮ, ನ್ಯೂಟನ್ ತಿದ್ದಿಕೊಟ್ಟ ರೂಪದಲ್ಲಿ. ಅಂತರವನ್ನು ಭೂಮಿ-ಸೂರ್ಯರ ದೂರದ ಲೆಕ್ಕದಲ್ಲಿ ಬರೆದು ಘನ ಮಾಡಿ, ಅವಧಿಯನ್ನು ವರ್ಷದಲ್ಲಿ ಬರೆದು ವರ್ಗ ಮಾಡಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಎರಡೂ ನಕ್ಷತ್ರಗಳ ಒಟ್ಟು ದ್ರವ್ಯರಾಶಿ ಎಷ್ಟು ಸೂರ್ಯರಿಗೆ ಸಮ ಎಂದು ಬರುತ್ತದೆ. ಭೂಮಿ-ಸೂರ್ಯರ ದೂರ 14.96 ಕೋಟಿ ಕಿ.ಮೀ. ಆದ್ದರಿಂದ ನಮ್ಮ ಅಂತರ 0.092. ಅವಧಿ 0.01095 ವರ್ಷ. ಉತ್ತರ ಸುಮಾರು 6.5 ಸೂರ್ಯ. ಇದನ್ನು ಇಬ್ಬರಿಗೆ ಹಂಚುವುದು ಹೇಗೆ? ಕಾವಡಿ ಹೊತ್ತವನು ಭಾರ ಹೆಚ್ಚಿದ್ದ ಕಡೆಗೆ ಹೆಗಲು ಸರಿಸಿಕೊಳ್ಳುತ್ತಾನೆ. ಭಾರದ ನಕ್ಷತ್ರ ಸಮತೋಲದ ಬಿಂದುವಿಗೆ ಹತ್ತಿರವಿದ್ದು ಚಿಕ್ಕ ಸುತ್ತನ್ನು ನಿಧಾನವಾಗಿ ಹಾಕುತ್ತದೆ, ಹಗುರಾದದ್ದು ದೂರವಿದ್ದು ಬೇಗ ಓಡುತ್ತದೆ. ವೇಗಗಳು 100ಕ್ಕೆ 150 ಇದ್ದರೆ ದ್ರವ್ಯರಾಶಿಗಳು 3ಕ್ಕೆ 2. ಹಾಗಾಗಿ ಒಂದು 3.9 ಸೂರ್ಯ, ಇನ್ನೊಂದು 2.6 ಸೂರ್ಯ.

ಇದೇ ತೂಕ. ಇಲ್ಲಿ ಯಾರ ಅನುಭವವೂ ಕಣ್ಣಂದಾಜೂ ನಡುವೆ ಬರಲಿಲ್ಲ.

ಗಾತ್ರಕ್ಕೆ ಮೇಷ್ಟ್ರ ಚೀಟಿ ಬೇಕು. ಸ್ಪರ್ಶದಿಂದ ಮೋಕ್ಷಕ್ಕೆ 6 ಗಂಟೆ ಆಯಿತು ಎನ್ನಿ. ಸೆಕೆಂಡಿಗೆ 250 ಕಿ.ಮೀ.ಯಂತೆ 6 ಗಂಟೆಗೆ 54 ಲಕ್ಷ ಕಿ.ಮೀ. ಇದು ಎರಡೂ ನಕ್ಷತ್ರಗಳ ವ್ಯಾಸಗಳ ಮೊತ್ತ, ಆದ್ದರಿಂದ ತ್ರಿಜ್ಯಗಳ ಮೊತ್ತ 27 ಲಕ್ಷ. ಸಮ್ಮೀಲನದಿಂದ ಉನ್ಮೀಲನಕ್ಕೆ 1 ಗಂಟೆ, ಅಂದರೆ 9 ಲಕ್ಷ ಕಿ.ಮೀ. ಇದು ವ್ಯಾಸಗಳ ವ್ಯತ್ಯಾಸ, ತ್ರಿಜ್ಯಗಳ ವ್ಯತ್ಯಾಸ ನಾಲ್ಕೂವರೆ ಲಕ್ಷ. ಮೊತ್ತ ಗೊತ್ತು, ವ್ಯತ್ಯಾಸ ಗೊತ್ತು, ಆರನೇ ತರಗತಿಯ ಮಕ್ಕಳೂ ಮುಂದಿನದನ್ನು ಮಾಡುತ್ತಾರೆ: ದೊಡ್ಡದರ ತ್ರಿಜ್ಯ 15.75 ಲಕ್ಷ ಕಿ.ಮೀ., ಚಿಕ್ಕದರದು 11.25 ಲಕ್ಷ. ಸೂರ್ಯನದು ಸುಮಾರು 7 ಲಕ್ಷ. ದ್ರವ್ಯರಾಶಿಯೂ ಗಾತ್ರವೂ ಸಿಕ್ಕ ಮೇಲೆ ಸಾಂದ್ರತೆ ತಾನಾಗಿ ಬಂತು. ಭಾರದ ನಕ್ಷತ್ರವೇ ದೊಡ್ಡದು ಎಂದುಕೊಂಡರೆ, ದೊಡ್ಡದರ ಸಾಂದ್ರತೆ ನೀರಿನ ಅರ್ಧಕ್ಕೂ ಸ್ವಲ್ಪ ಕಡಿಮೆ, ಚಿಕ್ಕದರದು ನೀರಿಗಿಂತ ತುಸು ಕಡಿಮೆ. ನಕ್ಷತ್ರವೆಂದರೆ ಉಕ್ಕಿನ ಗುಂಡಿನಂತೆ ಗಟ್ಟಿ ಎಂದುಕೊಂಡವರಿಗೆ ಇದು ಆಶ್ಚರ್ಯ.

ಇನ್ನು ಬಿಸಿ. ಒಂದು ಸುತ್ತಿನಲ್ಲಿ ಎರಡು ಗ್ರಹಣ ಆಗುತ್ತವೆ. ಚಿಕ್ಕದು ಮುಂದೆ ಬಂದಾಗ ಕಂಕಣ ಗ್ರಹಣ, ದೊಡ್ಡದು ಮುಂದೆ ಬಂದಾಗ ಖಗ್ರಾಸ. ದುಂಡಗಿನ ಕಕ್ಷೆಯಲ್ಲಿ ಎರಡರಲ್ಲೂ ಮುಚ್ಚುವ ಜಾಗ ಒಂದೇ ಅಳತೆಯದು, ಚಿಕ್ಕ ಬಿಂಬದಷ್ಟು. ಆದರೂ ಬೆಳಕು ಒಂದು ಸಲ ಶೇಕಡಾ 42ರಷ್ಟು ಇಳಿಯಿತು, ಇನ್ನೊಂದು ಸಲ 17ರಷ್ಟು ಮಾತ್ರ ಎಂದುಕೊಳ್ಳಿ. ಒಂದೇ ಅಳತೆಯ ಜಾಗ ಮುಚ್ಚಿ ಎರಡೂವರೆ ಪಟ್ಟು ವ್ಯತ್ಯಾಸ ಬಂತೆಂದರೆ ಆ ಜಾಗಗಳ ಹೊಳಪಿನಲ್ಲಿಯೇ ಅಷ್ಟು ವ್ಯತ್ಯಾಸವಿದೆ. ಹೊಳಪು ಉಷ್ಣತೆಯ ನಾಲ್ಕನೇ ಘಾತದಂತೆ ಏರುವುದರಿಂದ ಉಷ್ಣತೆಗಳ ಅನುಪಾತ ಸುಮಾರು 1.25. ರೋಹಿತದಿಂದ ಒಂದರ ಉಷ್ಣತೆ 14,000 ಕೆಲ್ವಿನ್ ಎಂದು ಗೊತ್ತಾದರೆ ಇನ್ನೊಂದರದು 11,200. ಆಳವಾದ ಗ್ರಹಣ ಎಂದರೆ ದೊಡ್ಡ ನಕ್ಷತ್ರ ಮುಚ್ಚಿತು ಎಂದು ಅನೇಕರು ತಪ್ಪಾಗಿ ತಿಳಿಯುತ್ತಾರೆ. ಅಲ್ಲಿ ಮುಚ್ಚಿದ್ದು ಬಿಸಿಯಾದ ನಕ್ಷತ್ರ.

ಗಾತ್ರ ಮತ್ತು ಬಿಸಿ ತಿಳಿದರೆ ಅದು ನಿಜಕ್ಕೂ ಎಷ್ಟು ಬೆಳಕು ಸುರಿಸುತ್ತದೆ ಎಂದು ಲೆಕ್ಕ ಹಾಕಬಹುದು. ನಮಗೆ ಕಾಣುವ ಬೆಳಕಿನೊಂದಿಗೆ ಹೋಲಿಸಿದರೆ ದೂರವೂ ಸಿಕ್ಕಿತು. ಪಕ್ಕದ ಗೆಲಾಕ್ಸಿಯಾದ ದೊಡ್ಡ ಮೆಗಲ್ಲನ್ ಮೋಡಕ್ಕೆ ದೂರವನ್ನು 2019ರಲ್ಲಿ ಇಂಥ 20 ಜೋಡಿಗಳಿಂದ ಅಳೆದರು: ಸುಮಾರು 1,62,000 ಜ್ಯೋತಿರ್ವರ್ಷ, ತಪ್ಪು ಶೇಕಡಾ 1ರ ಆಸುಪಾಸು. ವಿಶ್ವದ ದೂರಗಳ ಏಣಿಗೆ ಅದು ಗಟ್ಟಿಯಾದ ಒಂದು ಮೆಟ್ಟಿಲಾಯಿತು.

ನಿಜವಾದ ಆಕಾಶ ಈ ಕಲ್ಪಿತ ಜೋಡಿಯಷ್ಟು ಅನುಕೂಲವಾಗಿಲ್ಲ. ಮುಖ್ಯ ತೊಡಕು ಓರೆ. ಕಕ್ಷೆ ಪೂರ್ತಿ ಪಕ್ಕಕ್ಕಿರದೆ ಸ್ವಲ್ಪ ವಾಲಿದ್ದರೆ ನಾವು ಅಳೆಯುವ ವೇಗ ನಿಜಕ್ಕಿಂತ ಕಡಿಮೆ ಬರುತ್ತದೆ. ಗ್ರಹಣವಿಲ್ಲದ ಜೋಡಿಯಲ್ಲಿ ಈ ಓರೆ ಎಷ್ಟೆಂದು ರೋಹಿತ ಹೇಳುವುದಿಲ್ಲ, ಅಲ್ಲಿ ಲೆಕ್ಕ ನಿಂತುಹೋಗುತ್ತದೆ. ನೇರ ಪಕ್ಕದಿಂದ ಕಾಣುವ ಕಕ್ಷೆಯ ಓರೆಯನ್ನು 90 ಡಿಗ್ರಿ ಎಂದು ಎಣಿಸುತ್ತಾರೆ, ಗ್ರಹಣ ಕಂಡಿತೆಂದರೆ ಓರೆ ಆ 90 ಡಿಗ್ರಿಗೆ ಹತ್ತಿರವೇ ಇರಬೇಕು. 80 ಡಿಗ್ರಿ ಇದ್ದರೂ ತಿದ್ದದೆ ಬಿಟ್ಟ ತೂಕದಲ್ಲಿ ಶೇಕಡಾ 5ರೊಳಗೇ ತಪ್ಪು. ಬೆಳಕಿನ ರೇಖೆಯ ಆಕಾರದಿಂದ ಅದನ್ನೂ ತಿದ್ದಬಹುದು. ಇಳಿಜಾರು ಕಡಿದಾಗಿ ತಳ ಚಪ್ಪಟೆಯಾಗಿದ್ದರೆ ಗ್ರಹಣ ನಟ್ಟನಡುವೆ ಆಗಿದೆ. ತಳ ಚೂಪಾಗಿದ್ದರೆ ಬಿಂಬ ಅಂಚಿನಲ್ಲಿ ಸವರಿಕೊಂಡು ಹೋಗಿದೆ, ಖಂಡಗ್ರಾಸ. ಆಲ್ಗಾಲ್ ಈ ಎರಡನೆಯ ಜಾತಿಯದು, ಅದಕ್ಕೆ ಸಮ್ಮೀಲನ ಉನ್ಮೀಲನಗಳೇ ಇಲ್ಲ. ಆಗ ತ್ರಿಜ್ಯ ತೆಗೆಯಲು ಮೊತ್ತ-ವ್ಯತ್ಯಾಸದ ಲೆಕ್ಕ ಸಾಲದು, ಇಡೀ ರೇಖೆಯನ್ನು ಬಿಂದು ಬಿಂದುವಾಗಿ ಹೊಂದಿಸಬೇಕು. ಇದಕ್ಕೆ ಮೊದಲ ಕ್ರಮಬದ್ಧ ದಾರಿ ಹಾಕಿಕೊಟ್ಟವರು 1912ರಲ್ಲಿ ಹೆನ್ರಿ ನಾರಿಸ್ ರಸೆಲ್ ಮತ್ತು ಹಾರ್ಲೋ ಶೇಪ್ಲಿ. 1971ರಲ್ಲಿ ವಿಲ್ಸನ್ ಮತ್ತು ಡೆವಿನ್ನಿ ಕಂಪ್ಯೂಟರಿಗೆ ಬರೆದ ವಿಧಾನದ ಮೇಲೆಯೇ ಇಂದಿಗೂ ಬಹಳ ಕೆಲಸ ನಡೆಯುತ್ತಿದೆ. ನಕ್ಷತ್ರದ ಅಂಚು ನಡುವಿಗಿಂತ ಮಬ್ಬಾಗಿರುವುದು, ಹತ್ತಿರದ ಜೋಡಿಗಳು ಒಂದನ್ನೊಂದು ಎಳೆದು ಮೊಟ್ಟೆಯಾಕಾರಕ್ಕೆ ಬರುವುದು, ಒಂದರ ಬಿಸಿ ಇನ್ನೊಂದರ ಮುಖವನ್ನು ಕಾಯಿಸುವುದು, ಮೂರನೆಯ ನಕ್ಷತ್ರವೊಂದರ ಬೆಳಕು ಜೊತೆಗೆ ಬೆರೆಯುವುದು, ಇವೆಲ್ಲ ಆ ಲೆಕ್ಕದೊಳಗೆ ಬರುತ್ತವೆ.

ಈಗ ಆಲ್ಗಾಲ್‌ಗೆ ಬರೋಣ. ಅದರ ಅವಧಿ ಕಂಡುಹಿಡಿದವನು ಇಂಗ್ಲೆಂಡಿನ ಯಾರ್ಕ್ ಊರಿನ ಜಾನ್ ಗುಡ್‌ರಿಕ್. ಅವನಿಗೆ ಕಿವಿ ಕೇಳುತ್ತಿರಲಿಲ್ಲ. 1782ರ ನವೆಂಬರಿನಲ್ಲಿ ಆ ನಕ್ಷತ್ರ ಮಂಕಾದದ್ದನ್ನು ಗುರುತಿಸಿದಾಗ ಅವನಿಗೆ 18 ವರ್ಷ. ಮುಂದಿನ ತಿಂಗಳುಗಳಲ್ಲಿ ರಾತ್ರಿಯಿಡೀ ಕಾದು, ಸುಮಾರು 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಅದು ಮಂಕಾಗುತ್ತದೆ ಎಂದು ಲೆಕ್ಕ ಕಟ್ಟಿದ. ಇಂದಿನ ಅಂಕಿಯೂ ನಿಮಿಷದ ಮಟ್ಟಿಗೆ ಅದೇ. ಕಪ್ಪಾದ ಒಂದು ಕಾಯ ಅದರ ಸುತ್ತ ತಿರುಗುತ್ತಿರಬಹುದು ಎಂದು 1783ರಲ್ಲಿ ಬರೆದ, ಆ ವರ್ಷ ರಾಯಲ್ ಸೊಸೈಟಿಯ ಕಾಪ್ಲೆ ಪದಕ ಬಂತು. 21ನೇ ವಯಸ್ಸಿಗೆ ತೀರಿಕೊಂಡ. ಅವನ ಊಹೆ ನಿಜವೆಂದು ತೋರಿಸಲು ನೂರು ವರ್ಷ ಹಿಡಿಯಿತು. 1889ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ರೋಹಿತದ ಗೆರೆ ಜರುಗುವುದನ್ನು ಅಳೆದು, ಗ್ರಹಣಕ್ಕೆ ಮುಂಚೆ ನಕ್ಷತ್ರ ದೂರ ಹೋಗುತ್ತದೆ, ಆಮೇಲೆ ಹತ್ತಿರ ಬರುತ್ತದೆ ಎಂದು ತೋರಿಸಿದರು. ಬರಿಗಣ್ಣು ಮತ್ತು ಗಡಿಯಾರ ಹಿಡಿದು ಆ ಹುಡುಗ ಹೋದಷ್ಟು ದೂರ ಹೋಗಲು ನಿಮ್ಮ ಅಂಗಳವೂ ಸಾಕು.

ಅಪ್ಪಯ್ಯನಿಗೆ ಹೇಳಲೇಬೇಕಾದ ಒಂದು ಸಂಗತಿ ಇಲ್ಲಿದೆ. ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಬೆಟ್ಟದ ಮೇಲೆ ಒಂದೊಂದು ಮೀಟರಿನ ಆರು ದೂರದರ್ಶಕಗಳ ಬೆಳಕನ್ನು ಒಂದುಗೂಡಿಸುವ ಚಾರಾ ಎಂಬ ವ್ಯವಸ್ಥೆ ಇದೆ. ಅದರಿಂದ ಆಲ್ಗಾಲ್‌ನ ನಕ್ಷತ್ರಗಳನ್ನು ಬೇರೆ ಬೇರೆಯಾಗಿಯೇ ನೋಡಿದರು, ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಶ್ರೀನಗರದ ನಾಣ್ಯ ಕೊನೆಗೂ ಕಾಣಿಸಿತು. ನೂರಾರು ವರ್ಷ ಬೆಳಕಿನ ಏರಿಳಿತದಿಂದ ಕಟ್ಟಿದ ಚಿತ್ರವೇ ಅಲ್ಲಿ ಕಣ್ಣೆದುರು ಬಂತು. ದ್ರವ್ಯರಾಶಿಗಳು 3.17 ಮತ್ತು 0.70 ಸೂರ್ಯ, ಜೊತೆಗೆ 680 ದಿನಕ್ಕೊಮ್ಮೆ ಇವೆರಡನ್ನೂ ಸುತ್ತುವ ಮೂರನೆಯದು 1.76 ಸೂರ್ಯ.

ಆ ಮೊದಲ ಎರಡು ಅಂಕಿಗಳಲ್ಲಿ ಒಂದು ಕಗ್ಗಂಟಿತ್ತು. ಭಾರದ ನಕ್ಷತ್ರ ಇಂಧನವನ್ನು ಬೇಗ ಸುಟ್ಟುಕೊಂಡು ಬೇಗ ಮುಪ್ಪಾಗುತ್ತದೆ, ಹಗುರಾದದ್ದು ಬಹುಕಾಲ ಎಳೆಯದಾಗಿಯೇ ಉಳಿಯುತ್ತದೆ. ಇದರಲ್ಲಿ ಸಂಶಯವಿಲ್ಲ. ಆದರೆ ಆಲ್ಗಾಲ್‌ನಲ್ಲಿ 3.17 ಸೂರ್ಯದ ನಕ್ಷತ್ರ ಇನ್ನೂ ಯೌವನದಲ್ಲಿದೆ, 0.70ರ ಹಗುರ ನಕ್ಷತ್ರ ಉಬ್ಬಿ, ತಣ್ಣಗಾಗಿ, ಮುಪ್ಪಿನ ಲಕ್ಷಣ ತೋರಿಸುತ್ತಿದೆ. ಒಂದೇ ಹೊತ್ತಿಗೆ ಹುಟ್ಟಿದ ಜೋಡಿಯಲ್ಲಿ ಇದು ಹೇಗೆ? ಉತ್ತರಕ್ಕೆ ಕೆರೆಯನ್ನು ನೆನಪಿಸಿಕೊಳ್ಳಿ. ಪ್ರತಿ ನಕ್ಷತ್ರಕ್ಕೂ ತನ್ನ ಗುರುತ್ವದ ಹಿಡಿತದ ಒಂದು ದಂಡೆ ಇರುತ್ತದೆ. ಇಂದು ಹಗುರಾಗಿರುವ ನಕ್ಷತ್ರ ಮೊದಲು ಭಾರವಾಗಿತ್ತು. ಮುಪ್ಪಾಗಿ ಉಬ್ಬಿದಾಗ ಆ ದಂಡೆ ಮೀರಿ ಕೋಡಿ ಬಿತ್ತು. ಎರಡು ಕೆರೆಗಳ ನಡುವೆ ಕೋಡಿ ಇದ್ದರೆ ಮೇಲಿನದು ತುಂಬಿ ಕೆಳಗಿನದಕ್ಕೆ ಹರಿಯುವಂತೆ ಅದರ ದ್ರವ್ಯ ಜೊತೆಗಾರನ ಮೇಲೆ ಸುರಿಯಿತು. ಕೊಟ್ಟದ್ದು ಬಡವಾಯಿತು, ಪಡೆದದ್ದು ಭಾರವಾಯಿತು. 1955ರ ಹೊತ್ತಿಗೆ ಈ ವಿವರಣೆ ಬಂತು. ತೂಕ ಬರೀ ಅಂದಾಜಾಗಿದ್ದರೆ ಅಂಕಿ ತಪ್ಪಿದೆ ಎಂದು ಬದಿಗೆ ಸರಿಸಿಬಿಡುತ್ತಿದ್ದರು. ಅಳತೆಯಾಗಿದ್ದರಿಂದಲೇ ತಲೆ ಕೆಡಿಸಿಕೊಂಡರು, ತಲೆ ಕೆಡಿಸಿಕೊಂಡಿದ್ದರಿಂದ ನಕ್ಷತ್ರಗಳು ದ್ರವ್ಯ ಹಂಚಿಕೊಳ್ಳುತ್ತವೆ ಎಂದು ತಿಳಿಯಿತು.

ಈ ಕೋಡಿಯ ಹರಿವನ್ನೂ ಗಡಿಯಾರದಿಂದ ಅಳೆಯುತ್ತಾರೆ. ದ್ರವ್ಯ ಆ ಕಡೆಯಿಂದ ಈ ಕಡೆಗೆ ಹೋದರೆ ಕಕ್ಷೆ ಬದಲಾಗುತ್ತದೆ, ಅವಧಿಯೂ ಬದಲಾಗುತ್ತದೆ. ಬೀಟಾ ಲೈರೆ ಎಂಬ ಜೋಡಿಯ ಅವಧಿ ಸುಮಾರು 12.9 ದಿನ, ಅದು ವರ್ಷಕ್ಕೆ ಸುಮಾರು 19 ಸೆಕೆಂಡಿನಷ್ಟು ಹೆಚ್ಚುತ್ತಿದೆ. ಹನ್ನೆರಡು ಚಿಲ್ಲರೆ ದಿನದಲ್ಲಿ 19 ಸೆಕೆಂಡು ಯಾವ ಲೆಕ್ಕ ಎನಿಸಬಹುದು. ಆದರೆ ತಡ ಎನ್ನುವುದು ಸುತ್ತು ಸುತ್ತಿಗೂ ಕೂಡುತ್ತ ಹೋಗುತ್ತದೆ, ಕೆಲವು ವರ್ಷದಲ್ಲಿ ಗ್ರಹಣ ಹಳೆಯ ಲೆಕ್ಕಕ್ಕಿಂತ ಗಂಟೆಗಟ್ಟಲೆ ಹಿಂದೆ ಬೀಳುತ್ತದೆ. ಅದಕ್ಕೇ ಲೆಕ್ಕ ಹಾಕಿದ ಹೊತ್ತು ಮತ್ತು ಕಂಡ ಹೊತ್ತಿನ ವ್ಯತ್ಯಾಸವನ್ನು ವರ್ಷಗಳುದ್ದಕ್ಕೂ ಬರೆದಿಡುತ್ತಾರೆ, ಅಂಕೋಲಾ ದಂಡೆಯಲ್ಲಿ ನಮ್ಮ ಮೇಷ್ಟ್ರು ಮಾಡಿದ್ದೂ ಇದನ್ನೇ. ಆ ವ್ಯತ್ಯಾಸ ಒಂದೇ ಕಡೆಗೆ ಬಾಗುತ್ತ ಹೋದರೆ ದ್ರವ್ಯ ಹರಿಯುತ್ತಿದೆ. ಕ್ರಮವಾಗಿ ಏರಿ ಇಳಿದರೆ ಕಾಣದ ಮೂರನೆಯದೊಂದು ಜೋಡಿಯನ್ನು ಹಿಂದೆ ಮುಂದೆ ಎಳೆಯುತ್ತಿದೆ.

ಕಕ್ಷೆ ದುಂಡಗಿಲ್ಲದೆ ಉದ್ದನೆಯದಾಗಿದ್ದರೆ ಎರಡನೇ ಗ್ರಹಣ ಸರಿ ನಡುವಿನಲ್ಲಿ ಬರುವುದಿಲ್ಲ, ಎರಡು ಗ್ರಹಣಗಳ ಉದ್ದವೂ ಬೇರೆಯಾಗುತ್ತದೆ. ಎಷ್ಟು ಸರಿದಿದೆ ಎಂಬುದರಿಂದ ಕಕ್ಷೆ ಎಷ್ಟು ಉದ್ದ, ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಲೆಕ್ಕ ಸಿಗುತ್ತದೆ. ಆ ದಿಕ್ಕೂ ನಿಧಾನವಾಗಿ ತಿರುಗುತ್ತದೆ. ಡಿಐ ಹರ್ಕ್ಯುಲಿಸ್ ಎಂಬ 10.55 ದಿನದ ಜೋಡಿಯಲ್ಲಿ ಅದು ತಿರುಗುವ ವೇಗ ಸಿದ್ಧಾಂತ ಹೇಳಿದ್ದರ ಸುಮಾರು ಕಾಲು ಭಾಗ ಮಾತ್ರ ಇತ್ತು. ಐನ್‌ಸ್ಟೈನ್ ಸಿದ್ಧಾಂತದಲ್ಲೇ ದೋಷವಿದೆಯೇ ಎಂದು ಅನುಮಾನಿಸಿದವರೂ ಇದ್ದರು. 2009ರಲ್ಲಿ ಗೊತ್ತಾಯಿತು, ಆ ನಕ್ಷತ್ರಗಳು ತಮ್ಮ ಅಕ್ಷದ ಮೇಲೆ ಅಡ್ಡ ಮಲಗಿದಂತೆ ತಿರುಗುತ್ತಿವೆ, ಅದರ ಎಳೆತ ತಿರುಗುವಿಕೆಯನ್ನು ತಡೆಹಿಡಿದಿದೆ. ಇದನ್ನೂ ಗ್ರಹಣದಲ್ಲೇ ಕಂಡರು: ಮುಂದಿನ ನಕ್ಷತ್ರ ಹಿಂದಿನದರ ಯಾವ ಅಂಚನ್ನು ಮೊದಲು ಮುಚ್ಚುತ್ತದೆ ಎಂಬುದರ ಮೇಲೆ ಗೆರೆಯ ಆಕಾರ ಬದಲಾಗುತ್ತದೆ.

ಕೊನೆಗೆ ನಿಮ್ಮ ಅಂಗಳ. ಆಲ್ಗಾಲ್ ನೋಡಲು ನಮ್ಮ ಜಿಲ್ಲೆಗೆ ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಆಸೆ ಬೇಡ. ಡಿಸೆಂಬರ್ ಮೂರನೇ ವಾರದಲ್ಲಿ ರಾತ್ರಿ ಒಂಬತ್ತೂವರೆಗೆ ಅದು ಉತ್ತರ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 64 ಡಿಗ್ರಿ ಎತ್ತರದಲ್ಲಿರುತ್ತದೆ. ಅಡಿಕೆ ಮರಗಳು ಅಡ್ಡ ಬಂದರೂ ಅಂಗಳದ ನಡುವೆ ನಿಂತರೆ ಕಾಣಬೇಕು. ಕೃತ್ತಿಕೆಯನ್ನು ಹುಡುಕಿ, ಅಲ್ಲಿಂದ ಇಂಗ್ಲಿಷಿನ ಡಬ್ಲ್ಯೂ ಅಕ್ಷರದಂತಿರುವ ಕ್ಯಾಸಿಯೋಪಿಯಾ ಕಡೆಗೆ ಹೋಗುವ ದಾರಿಯಲ್ಲಿ ಪರ್ಸಿಯಸ್ ಪುಂಜವಿದೆ. ಅದರಲ್ಲಿ ಎಲ್ಲಕ್ಕಿಂತ ಪ್ರಕಾಶವಾದದ್ದು ಮಿರ್ಫಾಕ್, ಎರಡನೆಯದು ಆಲ್ಗಾಲ್.

ಉಳಿದ ದಿನಗಳಲ್ಲಿ ಅದರ ಕಾಂತಿಮಾನ (ಹೊಳಪಿನ ಅಂಕಿ, ಹೆಚ್ಚಿದಷ್ಟೂ ಮಂಕು) 2.1, ಅಂದರೆ ಹತ್ತಿರದ ಆಲ್ಮಾಕ್ ನಕ್ಷತ್ರದಷ್ಟೇ. ಗ್ರಹಣದ ತಳದಲ್ಲಿ 3.4, ಬೆಳಕಿನ ಸುಮಾರು ಶೇಕಡಾ 70 ಹೋಗಿರುತ್ತದೆ. ಇಳಿಯಲು ಐದು ಗಂಟೆ, ಏರಲು ಐದು ಗಂಟೆ. ಎರಡನೇ ಗ್ರಹಣ ಬರಿಗಣ್ಣಿಗೆ ಗೊತ್ತಾಗುವುದಿಲ್ಲ, ಅದನ್ನು ಬಿಡಿ. ಹೋಲಿಕೆಗೆ ಎಪ್ಸಿಲಾನ್ ಪರ್ಸಿ 2.9, ಡೆಲ್ಟಾ ಪರ್ಸಿ 3.0, ತ್ರಿಕೋನ ಪುಂಜದ ಆಲ್ಫಾ 3.4. ಪ್ರತಿ 15 ನಿಮಿಷಕ್ಕೊಮ್ಮೆ ನೋಡಿ, ಆಲ್ಗಾಲ್ ಯಾವುದಕ್ಕಿಂತ ಮಂಕು, ಯಾವುದಕ್ಕಿಂತ ಪ್ರಕಾಶ, ಇವೆರಡರ ನಡುವೆ ಎಲ್ಲಿ ಬರುತ್ತದೆ ಎಂದು ಅಂಕಿಯಲ್ಲಿ ಬರೆಯಿರಿ. ಹಿಂದಿನ ಸಾಲನ್ನು ಕೈಯಿಂದ ಮುಚ್ಚಿಕೊಂಡು ಬರೆಯಿರಿ, ಇಲ್ಲದಿದ್ದರೆ ಕಣ್ಣು ಹಿಂದಿನ ಅಂಕಿಯನ್ನೇ ಹಿಂಬಾಲಿಸುತ್ತದೆ. ಸ್ಟ್ಯಾಂಡಿನ ಮೇಲಿಟ್ಟ ಕ್ಯಾಮೆರಾ ಇದ್ದರೆ ಇನ್ನೂ ನಿಖರ, ಆದರೆ ಮೊದಲ ವರ್ಷ ಕಣ್ಣಿನಿಂದಲೇ ಮಾಡಿ ಎಂಬುದು ನನ್ನ ಸಲಹೆ.

ಒಂದು ಗ್ರಹಣ ನಡುರಾತ್ರಿ ಒಂದು ಗಂಟೆಗೆ ತಳ ಮುಟ್ಟಿದರೆ ಮುಂದಿನದು ಮೂರನೇ ದಿನ ರಾತ್ರಿ 9.50ರ ಸುಮಾರಿಗೆ, ಅದರ ಮುಂದಿನದು ಮತ್ತೆ ಮೂರು ದಿನ ಬಿಟ್ಟು ಸಂಜೆ 6.40ರ ಸುಮಾರಿಗೆ ಬರುತ್ತದೆ. ಪ್ರತಿ ಸಲ 3 ಗಂಟೆ 11 ನಿಮಿಷ ಮುಂಚೆ. ಇವುಗಳಲ್ಲಿ ನಡುವಿನದೇ ಕೈಗೆ ಸಿಗುವುದು, ಇಳಿಯುವುದೂ ಏರುವುದೂ ಎರಡೂ ಕಾಣುತ್ತವೆ. ನಕ್ಷೆ ಬರೆದು ಎರಡೂ ಇಳಿಜಾರುಗಳ ನಡುಗೆರೆ ಎಳೆದರೆ ನಡುಗಳಿಗೆ ಬರುತ್ತದೆ. ಅದರಲ್ಲಿ 10 ನಿಮಿಷ ತಪ್ಪಬಹುದು, ಚಿಂತೆ ಬೇಡ. ಡಿಸೆಂಬರಿನಲ್ಲಿ ಒಂದು, ಸುಮಾರು 40 ಸುತ್ತು ಕಳೆದು ಮಾರ್ಚ್ ಕೊನೆಯ ಹೊತ್ತಿಗೆ ಇನ್ನೊಂದು ಹಿಡಿದರೆ, ಎರಡೂ ಕಡೆಯ ತಪ್ಪು ಕೂಡಿ 20 ನಿಮಿಷವಾದರೂ ಅದು 40 ಸುತ್ತುಗಳಿಗೆ ಹಂಚಿಹೋಗುತ್ತದೆ. ಅವಧಿಯ ತಪ್ಪು ಅರ್ಧ ನಿಮಿಷ ಮಾತ್ರ. ಮಾರ್ಚಿನಲ್ಲಿ ಆಲ್ಗಾಲ್ ಸಂಜೆಯೇ ವಾಯವ್ಯಕ್ಕೆ ಇಳಿದಿರುತ್ತದೆ, ಆದ್ದರಿಂದ ಕತ್ತಲಾದ ಕೂಡಲೇ ತಳ ಮುಟ್ಟುವ ಗ್ರಹಣವನ್ನೇ ಆರಿಸಿಕೊಳ್ಳಿ. ಇಳಿಯುವ ಅರ್ಧ ಸಿಗದಿದ್ದರೆ ಏರುವ ಅರ್ಧವನ್ನು ಡಿಸೆಂಬರಿನ ರೇಖೆಯ ಮೇಲೆ ಇಟ್ಟು ಹೊಂದಿಸಿ. ಭೂಮಿ ಸೂರ್ಯನನ್ನು ಸುತ್ತುತ್ತ ಆಲ್ಗಾಲ್‌ಗೆ ಹತ್ತಿರ ದೂರ ಆಗುವುದರಿಂದ ಬೆಳಕು ಬರುವ ಹೊತ್ತಿನಲ್ಲಿ ವರ್ಷದೊಳಗೆ ಎಂಟು ನಿಮಿಷದವರೆಗೆ ಹಿಂದೆಮುಂದೆ ಆಗುತ್ತದೆ. ಅದರ ತಿದ್ದುಪಡಿಯನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

ಅಪ್ಪಯ್ಯನಿಗೆ ಬೇರೆ ಪುಸ್ತಕ, ಬೇರೆ ಪೆನ್ನು ಕೊಡಿ. ಒಬ್ಬರದನ್ನೊಬ್ಬರು ನೋಡದೆ ಬರೆಯಬೇಕು. ಬೆಳಿಗ್ಗೆ ಎರಡನ್ನೂ ಪಕ್ಕದಲ್ಲಿಟ್ಟು ನಡುಗಳಿಗೆ ಎಷ್ಟು ನಿಮಿಷ ಸರಿದಿದೆ ನೋಡಿ, ಆ ಅಂಕಿಯನ್ನು ನನಗೆ ಬರೆದು ಕಳಿಸಿ. ಹೊರಡುವ ಮೊದಲು ಗೋಡೆ ಗಡಿಯಾರವನ್ನು ಮೊಬೈಲಿನ ಹೊತ್ತಿಗೆ ಸರಿಮಾಡಿಕೊಳ್ಳಿ, ಇಬ್ಬನಿ ಬೀಳುತ್ತದೆ, ತಲೆಗೆ ಏನಾದರೂ ಕಟ್ಟಿಕೊಳ್ಳಿ.